‘ತಿಮಿಂಗಿಲದ ವಾಂತಿ’ ಎಂಬ ಪ್ರಯೋಗ ಸರಿಯೇ?

ಪದಾಸಕ್ತರೆಲ್ಲರಿಗೂ ವಿರಾಜಪೇಟೆಯಿಂದ ನಮಸ್ಕಾರ.

ತಿಮಿಂಗಿಲದ ಒಡಲಲ್ಲಿ ಹುಟ್ಟುವ ಅಂಬರ್‌ಗ್ರೀಸ್ ಎಂಬ ಸುಗಂಧದ ಗಡ್ಡೆಯನ್ನು ಮಾರಲು ಹೊರಟವರು ಸಿಕ್ಕಿಬಿದ್ದ ಸುದ್ದಿ ಕಡಲೇ ಇಲ್ಲದ ನಮ್ಮ ಕೊಡಗಿನಲ್ಲಿಯೂ ಕೇಳಿಬಂದಿದೆ. ಕನ್ನಡ ಪತ್ರಿಕೆಗಳು ಅದನ್ನು ‘ತಿಮಿಂಗಿಲದ ವಾಂತಿ’ ಎನ್ನುತ್ತವೆ; ಗಡಿಯಾಚೆಯ ಮಲಯಾಳ ಪತ್ರಿಕೆಗಳು ‘ತಿಮಿಂಗಲ ಛರ್ದಿ’ ಎನ್ನುತ್ತವೆ. ‘ತಿಮಿ’ ಎಂಬ ದೊಡ್ಡ ಮೀನನ್ನೇ ನುಂಗುವುದು ಎಂಬ ಅರ್ಥ ಹೆಸರಿನಲ್ಲೇ ಇರುವ ಪ್ರಾಣಿಗೆ ಕಕ್ಕುವ ಕೆಲಸವನ್ನೂ ಹಚ್ಚಿದ್ದು ಸಹಜವೇ ಇರಬಹುದು, ಆದರೆ ವಸ್ತುಸ್ಥಿತಿ ಬೇರೆ.

ಈ ವಸ್ತು ಮುಖ್ಯವಾಗಿ ಸ್ಪರ್ಮ್ ತಿಮಿಂಗಿಲದಲ್ಲಿ ಹುಟ್ಟುತ್ತದೆ. ಸಾವಿರ ಮೀಟರಿಗೂ ಆಳಕ್ಕೆ ಮುಳುಗಬಲ್ಲ ಈ ಪ್ರಾಣಿಯ ಮುಖ್ಯ ಆಹಾರ, ಕರಾವಳಿಯವರು ಬೊಂಡಾಸ್ ಎನ್ನುವ, ಹಲವು ಕೈಗಳ ಮೆತ್ತನೆಯ ಕಡಲಪ್ರಾಣಿ ಸ್ಕ್ವಿಡ್. ಕಣ್ಣೂರಿನ ಕಡೆಯಿಂದ ನಮ್ಮ ಸಂತೆಗೆ ಬರುವ ಬೊಂಡಾಸನ್ನು ಸೋಸುವಾಗ ಅದರ ಕೈಗಳ ನಡುವೆ ಬೆರಳಿಟ್ಟು ಒತ್ತಿದರೆ, ಗಿಣಿಯ ಕೊಕ್ಕನ್ನೇ ಚಿಕ್ಕದು ಮಾಡಿದಂತಹ ಕಪ್ಪು ಕೊಕ್ಕೊಂದು ಪುಳಕ್ಕನೆ ಈಚೆ ಬರುತ್ತದೆ. ತಿಮಿಂಗಿಲಕ್ಕೂ ಅರಗದಿರುವುದು ಅದೇ. ಹೊಟ್ಟೆಯಲ್ಲಿ ಕೂಡಿದ ಕೊಕ್ಕುಗಳನ್ನು ಅದು ಆಗಾಗ ಕಕ್ಕುವುದು ನಿಜ, ಆದರೆ ಆ ವಾಂತಿ ಅಂಬರ್‌ಗ್ರೀಸ್ ಅಲ್ಲ. ಅಪರೂಪಕ್ಕೆ ಕೆಲವು ಕೊಕ್ಕುಗಳು ಕರುಳಿಗೆ ಜಾರಿ, ಅವುಗಳ ಸುತ್ತ ಮೇಣದಂತಹ ದ್ರವ್ಯ ಪದರಪದರವಾಗಿ ಕಟ್ಟಿದಾಗ ಈ ಗಡ್ಡೆಯಾಗುತ್ತದೆ. ಅದು ಮಲದೊಂದಿಗೆ, ಇಲ್ಲವೇ ಪ್ರಾಣಿ ಸತ್ತು ಒಡಲು ಕೊಳೆತ ಮೇಲೆ ಹೊರಬರುತ್ತದೆ ಎಂಬುದೇ ಈಗ ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಹೊಸತರಲ್ಲಿ ಕಪ್ಪಾಗಿ ಸಗಣಿಯಂತೆ ನಾರುವ ಗಡ್ಡೆ, ವರ್ಷಗಟ್ಟಲೆ ಉಪ್ಪುನೀರಿನಲ್ಲಿ ತೇಲಿ ಬಿಸಿಲು ಕಂಡು, ಬೂದುಬಣ್ಣಕ್ಕೆ ತಿರುಗಿ ಸುಗಂಧವಾಗುತ್ತದೆ.

ಆಯುರ್ವೇದದ ಔಷಧಶಾಖೆಯಾದ ರಸಶಾಸ್ತ್ರದಲ್ಲಿ ಬರುವ ‘ಅಗ್ನಿಜಾರ’ ಎಂಬ ದ್ರವ್ಯ ಇದೇ ಎಂದು ಹಲವರು ಗುರುತಿಸುತ್ತಾರೆ. ಅಲ್ಲಿ ಅದನ್ನು ಕಡಲಪ್ರಾಣಿಯೊಂದರ ಜರಾಯು, ಅಂದರೆ ಮಾಸು, ದಡಕ್ಕೆ ಬಿದ್ದು ಬಿಸಿಲಿಗೆ ಒಣಗಿದ್ದು ಎಂದು ವರ್ಣಿಸಲಾಗಿದೆ. ಒಂದೇ ಗಡ್ಡೆಯನ್ನು ಒಬ್ಬರು ಮಾಸು ಎಂದರು, ಇನ್ನೊಬ್ಬರು ವಾಂತಿ ಎಂದರು!

ಪ್ರಾಣಿಯ ಮೈಯಿಂದ ಬರುವ ಇಂತಹ ಪದಾರ್ಥಗಳಿಗೆ ಕಸ್ತೂರಿ, ಪುನುಗು, ಗೋರೋಚನ ಎಂಬ ಸ್ವಂತ ಹೆಸರುಗಳು ನಮ್ಮಲ್ಲಿವೆ. ಪುನುಗು ಬೆಕ್ಕು ಹಣ್ಣು ತಿಂದು ಹಾಕಿದ ಹಿಕ್ಕೆಯಿಂದ ಕಾಫಿಬೀಜ ಆರಿಸಿ ದುಬಾರಿ ಬೆಲೆಗೆ ಮಾರುವುದು ನಮ್ಮ ಜಿಲ್ಲೆಯಲ್ಲೇ ನಡೆದಿದೆ; ಅದನ್ನು ಯಾರೂ ‘ಹಿಕ್ಕೆ ಕಾಫಿ’ ಎನ್ನುವುದಿಲ್ಲ. ಹಾಗಿದ್ದರೆ ತಿಮಿಂಗಿಲಕ್ಕೆ ಮಾತ್ರ ಈ ಅಮರ್ಯಾದೆ ಏಕೆ?

ಅರಬ್ಬಿಯ ‘ಅಂಬರ್’ ಈ ಹೆಸರಿನ ಮೂಲ. ಸಂಸ್ಕೃತ ನಿಘಂಟುಗಳಲ್ಲಿಯೂ ‘ಅಂಬರ’ಕ್ಕೆ ಆಕಾಶ, ಬಟ್ಟೆ ಎಂಬ ಅರ್ಥಗಳ ಜೊತೆಗೆ ಒಂದು ಸುಗಂಧದ್ರವ್ಯ ಎಂಬ ಅರ್ಥವಿದೆ. ತಮಿಳಿನ ‘ಮೀನಂಬರ್’ ಕಿವಿಗೆ ಇಂಪಾಗಿದ್ದರೂ, ಮರಿಗೆ ಹಾಲೂಡಿಸುವ ಸಸ್ತನಿಯನ್ನು ಮೀನು ಮಾಡಿಬಿಡುವುದರಿಂದ ನನಗೆ ಒಪ್ಪಿಗೆಯಿಲ್ಲ. ಬರಿಯ ‘ಅಂಬರ್’ ಎಂದರೆ ಮರದ ಅಂಟು ಕಲ್ಲಾದ ಆಂಬರ್ ಜೊತೆ ಗೊಂದಲವಾದೀತು. ಆದ್ದರಿಂದ ‘ತಿಮಿಂಗಿಲದ ಅಂಬರು’ ಎಂದು ಬಳಸಬಹುದೆಂದು ನನ್ನ ಸೂಚನೆ.

ಭಟ್ಕಳ, ಮಂಗಳೂರಿನ ಕಡೆಯ ಮೀನುಗಾರರ ಅಥವಾ ಅತ್ತರು ಮಾರುವವರ ಬಾಯಲ್ಲಿ ಇದಕ್ಕೆ ಹಳೆಯ ಹೆಸರೇನಾದರೂ ಉಳಿದಿದೆಯೇ? ಕೇಳಿದವರಿದ್ದರೆ, ಯಾವ ಊರಿನಲ್ಲಿ ಕೇಳಿದ್ದು ಎಂಬುದರ ಸಮೇತ ದಯವಿಟ್ಟು ತಿಳಿಸಬೇಕು.