ಕೊಳಚೆ ನೀರು ಶುದ್ಧೀಕರಣ ಘಟಕ: ಖಾಸಗಿ ಸಹಭಾಗಿತ್ವದ ಕರಾರಿಗೆ ನಮ್ಮ ಸಲಹೆಗಳು

ಸಂಘದ ಕಾರ್ಯದರ್ಶಿ:
ಎಲ್ಲ ನಿವಾಸಿಗಳಿಗೆ ನಮಸ್ಕಾರ. ನಮ್ಮ ಬಡಾವಣೆಯ ಕೊಳಚೆ ನೀರು ಶುದ್ಧೀಕರಣವಿಲ್ಲದೆ ನೇರವಾಗಿ ಕೆರೆ ಸೇರುತ್ತಿರುವುದು ತಮಗೆಲ್ಲ ತಿಳಿದೇ ಇದೆ. ಇದಕ್ಕೆ ಪರಿಹಾರವಾಗಿ ಸ್ಥಳೀಯ ಸಂಸ್ಥೆಯು ಸಾರ್ವಜನಿಕ-ಖಾಸಗಿ ಸಹಭಾಗಿತ್ವದಲ್ಲಿ ಶುದ್ಧೀಕರಣ ಘಟಕವೊಂದನ್ನು ಸ್ಥಾಪಿಸುವ ಪ್ರಸ್ತಾವ ಮುಂದಿಟ್ಟಿದೆ. ಜಾಗ ಸ್ಥಳೀಯ ಸಂಸ್ಥೆಯದು, ಬಂಡವಾಳ ಮತ್ತು 15 ವರ್ಷಗಳ ನಿರ್ವಹಣೆ ಕಂಪನಿಯದು, ಮಾಸಿಕ ಶುಲ್ಕ ಮನೆಮನೆಯಿಂದ. ಸಲಹೆ, ಆಕ್ಷೇಪಣೆಗಳಿಗೆ ಅವಕಾಶ ಕೊಟ್ಟಿದ್ದಾರೆ. ದಯವಿಟ್ಟು ಪರ ಅಥವಾ ವಿರೋಧ ಎಂದಷ್ಟೇ ಬರೆಯದೆ, ಕರಾರಿನಲ್ಲಿ ಏನಿರಬೇಕೆಂದು ತಿಳಿಸಿ.

ಮೂರನೇ ಅಡ್ಡರಸ್ತೆಯ ನಿವಾಸಿ:
ಕಾರ್ಯದರ್ಶಿಯವರೇ, ನನ್ನದು ವಿರೋಧವೇ. ನೈರ್ಮಲ್ಯ ಸರ್ಕಾರದ ಹೊಣೆ. ಅದನ್ನು ಲಾಭದ ಲೆಕ್ಕಕ್ಕೆ ಒಪ್ಪಿಸಿದರೆ ಮೊದಲು ಏಟು ಬೀಳುವುದು ಕಡಿಮೆ ಆದಾಯದ ಮನೆಗಳಿಗೆ. ಬೊಲಿವಿಯಾದ ಕೊಚಬಾಂಬಾದಲ್ಲಿ ನೀರು ಪೂರೈಕೆಯನ್ನು ಖಾಸಗಿಯವರಿಗೆ ವಹಿಸಿದ ಮೇಲೆ ದರ ಏಕಾಏಕಿ ಏರಿ, ಜನ ಬೀದಿಗಿಳಿದು, 2000ದ ಏಪ್ರಿಲ್‌ನಲ್ಲಿ ಸರ್ಕಾರ ಆ ಕರಾರನ್ನೇ ರದ್ದುಮಾಡಬೇಕಾಯಿತು. ಶುಲ್ಕ ಏರಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಸ್ಪಷ್ಟವಾಗುವವರೆಗೆ ನಾನು ಒಪ್ಪಲಾರೆ.

ನಿವೃತ್ತ ಎಂಜಿನಿಯರ್:
ತಮ್ಮ ಆತಂಕ ನ್ಯಾಯವಾದದ್ದು ಸರ್. ಆದರೆ ಇಂತಹ ಘಟಕಗಳಲ್ಲಿ ಕೆಲಸ ಮಾಡಿದವನಾಗಿ ನನಗನ್ನಿಸುವುದು, ಘಟಕ ಯಾರದ್ದು ಎಂಬುದಕ್ಕಿಂತ ನಾವು ಹಣ ಕೊಡುವುದು ಯಾವುದಕ್ಕೆ ಎಂಬ ಪ್ರಶ್ನೆ ದೊಡ್ಡದು. ಕೊಳಚೆ ನೀರನ್ನು ಶುದ್ಧಗೊಳಿಸುವುದು ಸೂಕ್ಷ್ಮಜೀವಿಗಳು. ಅವು ಬದುಕಿ ಕೆಲಸ ಮಾಡಬೇಕಾದರೆ ಗಾಳಿ ಹಾಯಿಸುವ ತೊಟ್ಟಿಯಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು, ಅದಕ್ಕಾಗಿ ಗಾಳಿ ಊದುವ ಯಂತ್ರಗಳಾದ ಬ್ಲೋವರ್‌ಗಳು ಹಗಲೂ ರಾತ್ರಿ ಓಡಬೇಕು. ಘಟಕದ ವಿದ್ಯುತ್ತಿನಲ್ಲಿ ಅರ್ಧದಷ್ಟು, ಕೆಲವೆಡೆ ಅದಕ್ಕಿಂತಲೂ ಹೆಚ್ಚು, ಇವಕ್ಕೇ ಬೇಕು. ಹಾಗಾಗಿ ಖರ್ಚು ಉಳಿಸಬೇಕೆಂದವರ ಕಣ್ಣು ಮೊದಲು ಬೀಳುವುದು ಬ್ಲೋವರ್‌ನ ಸ್ವಿಚ್ಚಿನ ಮೇಲೆ. ರಾತ್ರಿಯಿಡೀ ನಿಲ್ಲಿಸಿದರೆ ತೊಟ್ಟಿಯ ಕಂದು ಕೆಸರು ಕಪ್ಪಿಗೆ ತಿರುಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ, ಅರೆಬರೆ ಶುದ್ಧವಾದ ನೀರು ಕತ್ತಲಲ್ಲೇ ಕೆರೆಗೆ ಹರಿದುಹೋಗುತ್ತದೆ. ಮಾದರಿ ತೆಗೆಯುವವರು ಹಗಲು ಹೊತ್ತು, ಮೊದಲೇ ತಿಳಿಸಿ ಬರುವುದಾದರೆ ಇದು ಯಾವ ವರದಿಯಲ್ಲೂ ಕಾಣುವುದಿಲ್ಲ. ಬಿಒಡಿ, ಅಂದರೆ ನೀರಿನಲ್ಲಿರುವ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕೆಂದು ಅಳೆಯುವ ಪರೀಕ್ಷೆಯ ಫಲಿತಾಂಶಕ್ಕೇ ಮೂರರಿಂದ ಐದು ದಿನ ಬೇಕಾಗುವುದರಿಂದ, ತಪ್ಪು ತಿಳಿಯುವ ಹೊತ್ತಿಗೆ ಆ ನೀರು ಎಂದೋ ಕೆರೆ ಸೇರಿರುತ್ತದೆ.

ಆದ್ದರಿಂದ ಹೊರಹರಿವಿನ ಕೊಳವೆಯಲ್ಲಿ ನೀರಿನ ಗುಣಮಟ್ಟವನ್ನು ನಿರಂತರ ಅಳೆಯುವ ಮಾಪಕ ಇರಬೇಕು. ಕಂಪನಿಗೂ ಸ್ಥಳೀಯ ಸಂಸ್ಥೆಗೂ ಸಂಬಂಧವಿಲ್ಲದ ಪ್ರಯೋಗಾಲಯವೊಂದು ಮುನ್ಸೂಚನೆಯಿಲ್ಲದೆ, ರಾತ್ರಿಯಲ್ಲೂ, ಮಾದರಿ ತೆಗೆಯಬೇಕು. ಫಲಿತಾಂಶ ಕೆಟ್ಟರೆ ಆ ತಿಂಗಳ ಪಾವತಿ ತಾನಾಗಿಯೇ ಕಡಿತವಾಗಬೇಕು. ಇದು ಹೊಸ ಬೇಡಿಕೆಯೇನೂ ಅಲ್ಲ. ಗಂಗಾ ನದಿ ಶುದ್ಧೀಕರಣದ ನಮಾಮಿ ಗಂಗೆ ಯೋಜನೆಯ ಹೈಬ್ರಿಡ್ ಆನ್ಯುಟಿ ಪದ್ಧತಿಯಲ್ಲಿ ಬಂಡವಾಳ ವೆಚ್ಚದ ಶೇ. 40ರಷ್ಟನ್ನು ನಿರ್ಮಾಣದ ಅವಧಿಯಲ್ಲಿ ಕೊಟ್ಟು, ಉಳಿದ ಶೇ. 60ರಷ್ಟನ್ನು 15 ವರ್ಷಗಳ ಕಂತುಗಳಾಗಿ, ಘಟಕದ ಕಾರ್ಯಕ್ಷಮತೆಗೆ ಜೋಡಿಸಿ ಕೊಡುವ ಏರ್ಪಾಡಿದೆ.

ಲೆಕ್ಕಪರಿಶೋಧಕಿ, ಮೊದಲನೇ ಮುಖ್ಯರಸ್ತೆ:
ಎಂಜಿನಿಯರ್ ಸರ್ ಹೇಳಿದ್ದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಇದರ ಜೊತೆಗೆ 'ಕನಿಷ್ಠ ಹರಿವಿನ ಖಾತರಿ' ಎಂಬ ಷರತ್ತು ಇದೆಯೇ ಎಂದು ನೋಡಬೇಕು. ದಿನಕ್ಕೆ ಇಂತಿಷ್ಟು ಕೊಳಚೆ ನೀರು ಬಂದೇ ಬರುತ್ತದೆಂದು ಸ್ಥಳೀಯ ಸಂಸ್ಥೆ ಮಾತು ಕೊಟ್ಟು, ಒಳಚರಂಡಿ ಸಂಪರ್ಕಗಳನ್ನು ಮುಗಿಸದೇ ಹೋದರೆ, ಬಾರದ ನೀರಿಗೂ ಸಾರ್ವಜನಿಕರ ಹಣವೇ ಹೋಗುತ್ತದೆ. ಕಂಪನಿಗೆ ಸಾಲ ಕೊಡುವ ಬ್ಯಾಂಕುಗಳು ಇಂತಹ ಖಾತರಿ ಕೇಳುವುದು ಅರ್ಥವಾಗುವಂಥದ್ದೇ. ಆದರೆ ನಷ್ಟದ ಭಯವೆಲ್ಲ ನಮ್ಮ ಪಾಲಿಗೆ, ಲಾಭವೆಲ್ಲ ಅವರ ಪಾಲಿಗೆ ಬಂದರೆ ಅದನ್ನು ಸಹಭಾಗಿತ್ವವೆಂದು ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು. ಕರಾರಿನ ಪೂರ್ಣ ಪಠ್ಯ, ಅನುಬಂಧಗಳೂ ಸೇರಿ, ಸಹಿಗೆ ಮೊದಲೇ ನಮಗೆ ಸಿಗಬೇಕು. ಬರ್ಲಿನ್ ನಗರವು ತನ್ನ ಜಲಸಂಸ್ಥೆಯ ಶೇ. 49.9ರಷ್ಟು ಪಾಲನ್ನು 1999ರಲ್ಲಿ ಖಾಸಗಿಯವರಿಗೆ ಮಾರಿದಾಗ ಕರಾರನ್ನು ಗುಟ್ಟಾಗಿಟ್ಟಿತ್ತು. ಅದನ್ನು ಬಹಿರಂಗಪಡಿಸಬೇಕೆಂದು 2011ರಲ್ಲಿ ಜನ ಮತ ಹಾಕಿ ಗೆದ್ದರು, 2013ರ ಹೊತ್ತಿಗೆ ನಗರವು ಆ ಪಾಲನ್ನು ಮರಳಿ ಕೊಂಡುಕೊಂಡಿತು. ಸಹಿಗೆ ಮೊದಲೇ ಓದಲು ಬಿಟ್ಟಿದ್ದರೆ ಆ ಹೋರಾಟದ ಅಗತ್ಯವೇ ಬರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಾಲುವೆ ಪಕ್ಕದ ಮನೆಯವರು:
ಎಲ್ಲರ ಮಾತೂ ಸರಿ. ಆದರೆ ಚರ್ಚೆ ಲಂಬಿಸಿದಷ್ಟೂ ಕಿಟಕಿ ತೆರೆಯಲಾಗದ ಮನೆಗಳು ನಮ್ಮವು ಎಂಬುದನ್ನು ಮರೆಯಬೇಡಿ. ಈ ಕಾಲುವೆಯುದ್ದಕ್ಕೂ ಹಲವು ಮನೆಗಳಿಗೆ ಒಳಚರಂಡಿ ಸಂಪರ್ಕವೇ ಇಲ್ಲ. ಅವರಿಗೆ ಸಂಪರ್ಕ ಕೊಡುವ ಖರ್ಚನ್ನು ಯೋಜನೆಯೇ ಭರಿಸದಿದ್ದರೆ ಘಟಕ ಎಷ್ಟೇ ಚೆನ್ನಾಗಿ ನಡೆದರೂ ಕಾಲುವೆಯ ನೀರು ಹೀಗೇ ಇರುತ್ತದೆ. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿ ಗುರಿಗಳ 17.17ನೇ ಅಂಶವು ಸಾರ್ವಜನಿಕ-ಖಾಸಗಿ ಸಹಭಾಗಿತ್ವದ ಜೊತೆಯಲ್ಲೇ ನಾಗರಿಕ ಸಮಾಜದ ಸಹಭಾಗಿತ್ವವನ್ನೂ ಹೆಸರಿಸುತ್ತದೆ. ಹಾಗಿದ್ದ ಮೇಲೆ ಉಸ್ತುವಾರಿ ಸಮಿತಿಯಲ್ಲಿ ನಿವಾಸಿಗಳಿಗೆ, ಅದರಲ್ಲೂ ಕಾಲುವೆ ಪಕ್ಕದವರಿಗೆ, ಮತದಾನದ ಹಕ್ಕಿರುವ ಸ್ಥಾನ ಬೇಕೆಂದು ಕೇಳೋಣ.

ಮೂರನೇ ಅಡ್ಡರಸ್ತೆಯ ನಿವಾಸಿ:
ಶುಲ್ಕ ಪರಿಷ್ಕರಣೆ ಚುನಾಯಿತ ಸಭೆಯ ಒಪ್ಪಿಗೆಯಿಲ್ಲದೆ ಆಗಕೂಡದು, ಕಡಿಮೆ ಆದಾಯದವರಿಗೆ ರಿಯಾಯಿತಿ ಕರಾರಿನಲ್ಲೇ ಇರಬೇಕು ಎಂಬೆರಡು ಮಾತು ಸೇರುವುದಾದರೆ ಸ್ಥಳೀಯ ಸಂಸ್ಥೆಗೆ ನಾವು ಕೊಡುವ ಮನವಿಗೆ ನಾನೂ ಸಹಿ ಹಾಕುತ್ತೇನೆ. ಸೇರದಿದ್ದರೆ ನನ್ನ ಭಿನ್ನಾಭಿಪ್ರಾಯವನ್ನು ಮನವಿಯ ಜೊತೆಯಲ್ಲೇ ದಾಖಲಿಸಿ.

ಸಂಘದ ಕಾರ್ಯದರ್ಶಿ:
ಎರಡನ್ನೂ ಸೇರಿಸುತ್ತೇನೆ ಸರ್. ನೀರಿನ ಪರೀಕ್ಷೆ ಮತ್ತು ಪಾವತಿ ಕಡಿತದ ಷರತ್ತುಗಳನ್ನು ಎಂಜಿನಿಯರ್ ಸರ್, ಹಣಕಾಸಿನ ಭಾಗವನ್ನು ಲೆಕ್ಕಪರಿಶೋಧಕಿ ಮೇಡಂ ಬರೆದುಕೊಡಬೇಕಾಗಿ ವಿನಂತಿ. ಸಂಪರ್ಕವಿಲ್ಲದ ಮನೆಗಳ ಪಟ್ಟಿಯನ್ನು ಕಾಲುವೆ ಪಕ್ಕದವರೊಂದಿಗೆ ಸೇರಿ ನಾನೇ ಮಾಡುತ್ತೇನೆ. ಕರಾರಿನ ಕರಡನ್ನು ಅನುಬಂಧಗಳ ಸಹಿತ ಕೊಡಬೇಕು, ಅದು ನಮ್ಮ ಕೈಸೇರುವವರೆಗೆ ಆಕ್ಷೇಪಣೆಯ ಗಡುವನ್ನು ವಿಸ್ತರಿಸಬೇಕು ಎಂದು ಕೋರುವ ಪತ್ರ ನಾಳೆಯೇ ಸ್ಥಳೀಯ ಸಂಸ್ಥೆಗೆ ಹೋಗುತ್ತದೆ. ಜೊತೆಗೆ ಬರಬಲ್ಲವರು ಇಂದು ಸಂಜೆಯೊಳಗೆ ತಿಳಿಸಿ.