ಶಿಲೆಗಳ ‘ನಿರಪೇಕ್ಷ ಕಾಲನಿರ್ಣಯ’ ಎಂಬ ಬಳಕೆ ಸರಿಯೇ?

ಮಾನ್ಯರೇ, ನಮಸ್ಕಾರ.

ಕಲ್ಲಿನ ಪದರಗಳ ಮತ್ತು ಪಳೆಯುಳಿಕೆಗಳ ವಯಸ್ಸನ್ನು ತಿಳಿಯುವ ಬಗೆಯನ್ನು ಕನ್ನಡದಲ್ಲಿ ಬರೆಯುವಾಗ ‘ಸಾಪೇಕ್ಷ ಕಾಲನಿರ್ಣಯ’, ‘ನಿರಪೇಕ್ಷ ಕಾಲನಿರ್ಣಯ’ ಎಂಬ ಜೋಡಿ ಬಳಕೆಯಲ್ಲಿದೆ. ಯಾವುದು ಹಿರಿಯದು, ಯಾವುದು ಕಿರಿಯದು ಎಂದಷ್ಟೇ ಹೇಳುವುದು ಮೊದಲನೆಯದು; ವಯಸ್ಸು ಎಷ್ಟು ವರ್ಷವೆಂದು ಅಂಕಿಯಲ್ಲಿ ಹೇಳುವುದು ಎರಡನೆಯದು. ಮಧುಗಿರಿ ತಾಲ್ಲೂಕಿನಲ್ಲಿ ಹಲವು ವರ್ಷಗಳಿಂದ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿರುವ ನನಗೆ, ಈ ಜೋಡಿಯ ಎರಡನೆಯ ಪದ ವಿಷಯವನ್ನೇ ತಿರುಚುತ್ತಿದೆ ಎನ್ನಿಸಿದೆ.

ಕಳೆದ ವರ್ಷ ಮಕ್ಕಳನ್ನು ಊರಾಚೆಯ ಹಳೆಯ ಕಲ್ಲುಕ್ವಾರಿಯೊಂದಕ್ಕೆ ಕರೆದೊಯ್ದಿದ್ದೆ. ಬೂದುಬಣ್ಣದ ಪಟ್ಟೆಕಲ್ಲನ್ನು ಸೀಳಿಕೊಂಡು ಗುಲಾಬಿ ಬಣ್ಣದ ಗ್ರಾನೈಟ್‌ನ ಎಳೆ ಹಾದಿತ್ತು. ಅವೆರಡನ್ನೂ ಅಡ್ಡಲಾಗಿ ಕತ್ತರಿಸಿ ಮೊಳದಗಲದ ಕರಿಕಲ್ಲಿನ ಪಟ್ಟಿಯೊಂದು ನೆಟ್ಟಗೆ ನಿಂತಿತ್ತು. ಯಾವುದು ಮೊದಲು ಎಂದು ಕೇಳಿದೊಡನೆ ಒಬ್ಬ ಹುಡುಗಿ, “ಕರಿಕಲ್ಲೇ ಎಲ್ಲಕ್ಕಿಂತ ಕಿರೀದು ಸಾರ್, ಅದೇ ತಾನೆ ಆಮೇಲೆ ನುಗ್ಗಿರೋದು” ಎಂದಳು. ಕತ್ತರಿಸಿದ್ದು ಕತ್ತರಿಸಿಕೊಂಡದ್ದಕ್ಕಿಂತ ಕಿರಿಯದು ಎಂಬ ನಿಯಮವನ್ನು ಆಕೆ ಪಾಠವಿಲ್ಲದೆಯೇ ಕಂಡುಕೊಂಡಿದ್ದಳು. ಕೆಳಗಿನ ಪದರ ಹಿರಿಯದು, ಮೇಲಿನದು ಕಿರಿಯದು ಎಂದು 1669ರಲ್ಲಿ ಡೆನ್ಮಾರ್ಕ್‌ನ ವಿಜ್ಞಾನಿ ನಿಕೋಲಸ್ ಸ್ಟೆನೋ ಹೇಳಿದ್ದೂ ಇದೇ ಜಾತಿಯ ಮಾತು. ಆ ಮಗುವಿನ ಬಾಯಲ್ಲಿ ‘ಸಾಪೇಕ್ಷ’ ಬರಲಿಲ್ಲ, ‘ಕಿರೀದು’ ಬಂತು. ಆದ್ದರಿಂದ ಮೊದಲನೆಯದನ್ನು ‘ಹಿರಿಕಿರಿ ನಿರ್ಣಯ’ ಎನ್ನಬಹುದೆಂಬುದು ನನ್ನ ಮೊದಲ ಸಲಹೆ.

‘ನಿರಪೇಕ್ಷ’ದ ತೊಡಕು ಇದಕ್ಕಿಂತ ದೊಡ್ಡದು. ನಮ್ಮ ಮಕ್ಕಳಿಗೆ ಆ ಪದ ‘ಏನನ್ನೂ ಬಯಸದ’ ಎಂಬ ಅರ್ಥದಲ್ಲಿ ಪರಿಚಿತ. ಶಾಸ್ತ್ರೀಯವಾಗಿ ‘ಯಾವುದನ್ನೂ ಅವಲಂಬಿಸದ’ ಎಂದು ಬಿಡಿಸಿ ಹೇಳಿದರೂ ಅದು ನಿಜವಲ್ಲ. ಗ್ರಾನೈಟ್‌ನಂಥ ಕಲ್ಲುಗಳಲ್ಲಿ ಸಿಗುವ ಜಿರ್ಕಾನ್ ಎಂಬ ಖನಿಜದ ಹರಳು ರೂಪುಗೊಳ್ಳುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಆ ಯುರೇನಿಯಂ ಕಾಲ ಕಳೆದಂತೆ ತಾನಾಗಿಯೇ ಸೀಸವಾಗಿ ಮಾರ್ಪಡುತ್ತದೆ. ಮುಂದೆ ಅದರಲ್ಲಿ ಸಿಗುವ ಸೀಸ ಒಳಗೇ ಹುಟ್ಟಿದ್ದೆಂದು ಹಿಡಿದು, ಯುರೇನಿಯಂ-238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕೆಂಬ ಲೆಕ್ಕದಿಂದ ವಯಸ್ಸನ್ನು ಪಡೆಯುತ್ತಾರೆ. ನಮ್ಮ ಭಾಗದಲ್ಲಿ ಹಾದುಹೋಗುವ ಕ್ಲೋಸ್‌ಪೇಟ್ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ ಎನ್ನುವುದು ಇಂಥ ಅಳತೆಗಳಿಂದಲೇ. ಹರಳಿನಿಂದ ಸೀಸ ಸೋರಿಹೋಗಿದ್ದರೆ ಲೆಕ್ಕ ಕೆಡುತ್ತದೆ. ಪ್ರತಿ ಅಂಕಿಯ ಪಕ್ಕದಲ್ಲೂ ಇಷ್ಟು ಹೆಚ್ಚು ಅಥವಾ ಕಡಿಮೆ ಎಂಬ ಮಿತಿ ಇದ್ದೇ ಇರುತ್ತದೆ.

ಪಳೆಯುಳಿಕೆಗಳ ವಿಷಯಕ್ಕೆ ಬಂದರೆ ಈ ಪದ ಪೂರ್ತಿ ಸೋಲುತ್ತದೆ. ಪಳೆಯುಳಿಕೆಗಳು ಸಾಮಾನ್ಯವಾಗಿ ಇರುವುದು ಮರಳು, ಕೆಸರು ಕೂಡಿ ಗಟ್ಟಿಯಾದ ಪದರಗಳಲ್ಲಿ. ಅಲ್ಲಿನ ಮರಳಿನ ಕಣವನ್ನು ಅಳೆದರೆ ತಿಳಿಯುವುದು ಆ ಕಣ ಉದುರಿಬಂದ ಮೂಲ ಬಂಡೆಯ ವಯಸ್ಸೇ ಹೊರತು ಪದರದ ವಯಸ್ಸಲ್ಲ. ಜೀವಿಗಳ ಅವಶೇಷಗಳ ವಯಸ್ಸು ತಿಳಿಯಲು ಬಳಸುವ ಇಂಗಾಲ-14ರ ಅರ್ಧಾಯು (ಅರ್ಧಕ್ಕೆ ಇಳಿಯಲು ಬೇಕಾದ ಕಾಲ) 5,730 ವರ್ಷ ಮಾತ್ರವಾದ್ದರಿಂದ ಸುಮಾರು 50,000 ವರ್ಷಗಳ ಆಚೆಗೆ ಅದೂ ಒದಗುವುದಿಲ್ಲ. ಹೀಗಾಗಿ ಮೇಲೆ ಕೆಳಗೆ ಬಿದ್ದಿರುವ ಜ್ವಾಲಾಮುಖಿಯ ಬೂದಿಪದರಗಳನ್ನು ಅಳೆದು, ನಡುವಿನ ಜೀವಿ ಈ ಎರಡರ ಮಧ್ಯದ ಕಾಲದ್ದು ಎನ್ನುತ್ತಾರೆ. ಅಂದರೆ ಅಂಕಿಯೇ ಹಿರಿಕಿರಿ ಕ್ರಮದ ಹೆಗಲ ಮೇಲೆ ಕುಳಿತಿದೆ.

ಶಾಸನಗಳನ್ನು ಓದುವವರಿಗೆ ಇದು ಹೊಸತಲ್ಲ. ಶಕವರ್ಷ ನಮೂದಾದ ಕಲ್ಲುಗಳಿಂದ ಅಕ್ಷರಗಳ ರೂಪ ಯಾವ ಕಾಲದ್ದೆಂದು ಗೊತ್ತುಮಾಡಿಕೊಂಡು, ತೇದಿಯಿಲ್ಲದ ವೀರಗಲ್ಲನ್ನು ಅವುಗಳ ನಡುವೆ ಇರಿಸುತ್ತೇವಲ್ಲವೇ? ಶಕವರ್ಷದ ತೇದಿಯನ್ನು ‘ನಿರಪೇಕ್ಷ ತೇದಿ’ ಎಂದು ನಾವು ಕರೆಯುವುದಿಲ್ಲ.

ಇಂಗ್ಲಿಷಿನಲ್ಲಿಯೂ ಈಗ ಹಲವು ಭೂವಿಜ್ಞಾನಿಗಳು ಇಲ್ಲಿ ‘ಅಬ್ಸಲ್ಯೂಟ್’ ಬಿಟ್ಟು ‘ನ್ಯೂಮರಿಕಲ್’ ಎನ್ನುತ್ತಾರೆ. ಅದಕ್ಕೆ ‘ಸಂಖ್ಯಾತ್ಮಕ ಕಾಲನಿರ್ಣಯ’ ಎಂದರೆ ಅರ್ಥ ಸರಿಹೋದರೂ ಕಿವಿಗೆ ಒರಟು. ‘ವರ್ಷಗಣನೆ’ ನನಗೆ ಹಿಡಿಸಿದೆ: ವರ್ಷಗಳಲ್ಲಿ ಎಣಿಸುವುದೆಂಬುದು ಅದರಲ್ಲಿ ನೇರವಾಗಿದೆ, ತಪ್ಪೇ ಆಗದೆಂಬ ಭರವಸೆ ಇಲ್ಲ. ಕರಾವಳಿಯ ಮಿತ್ರರೊಬ್ಬರು, ವಯಸ್ಸು ಎಂಬ ಅರ್ಥದ ‘ಪ್ರಾಯ’ವನ್ನು ಸೇರಿಸಿ, ‘ಶಿಲಾಪ್ರಾಯ’ ಎಂದು ಸೂಚಿಸಿದರು. ತುಮಕೂರು ಸೀಮೆಯಲ್ಲಿ ‘ಪ್ರಾಯ’ವೆಂದರೆ ಯೌವನವಾದ್ದರಿಂದ ಇಲ್ಲಿ ಅದು ನಿಲ್ಲಲಾರದು.

‘ಹಿರಿಕಿರಿ ನಿರ್ಣಯ’, ‘ವರ್ಷಗಣನೆ’ ಎಂಬ ಜೋಡಿಗೆ ವ್ಯಾಕರಣದ ಅಥವಾ ಅರ್ಥದ ಆಕ್ಷೇಪಗಳಿದ್ದರೆ ದಯವಿಟ್ಟು ತಿಳಿಸಿ. ‘ವರ್ಷಗಣನೆ’ ಪಂಚಾಂಗದ ಬಳಕೆಯೊಂದಿಗೆ ಗೊಂದಲವಾದೀತೇ ಎಂಬುದನ್ನು ಜ್ಯೋತಿಷ ಬಲ್ಲವರು ಹೇಳಿದರೆ ವಿಶೇಷ ಉಪಕಾರವಾಗುತ್ತದೆ.