ಡಿಡಬ್ಲ್ಯೂಐ (ಕುಡಿದು ಕಾರು ಓಡಿಸಿದ ಕೇಸು) ಆಗಿ ಐದು ವರ್ಷ ಕಳೆದರೂ ಟೆಕ್ಸಸ್‌ನಲ್ಲಿ ಗನ್ ಲೈಸೆನ್ಸ್ ಸಿಗ್ತಿಲ್ಲ, ಯಾಕೆ?

ಗ್ಯಾಸ್‌ಸ್ಟೇಷನ್ ಗೌಡ:
ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು. ಟೆಕ್ಸಸ್‌ಗೆ ಬಂದು 22 ವರ್ಷ ಆಯಿತು, ಈಗ ಇಲ್ಲಿನ ಸಿಟಿಜನ್. ಡಲ್ಲಾಸ್ ಹತ್ತಿರ ಒಂದು ಗ್ಯಾಸ್ ಸ್ಟೇಷನ್ ಇದೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿ, ಕ್ಯಾಶ್ ಬ್ಯಾಗ್ ಹಿಡಿದು ಕಾರಿನವರೆಗೆ ನಲವತ್ತು ಹೆಜ್ಜೆ. ಆ ನಲವತ್ತು ಹೆಜ್ಜೆಗೋಸ್ಕರ 2014ರಲ್ಲಿ ಹ್ಯಾಂಡ್‌ಗನ್ ಲೈಸೆನ್ಸ್ ಮಾಡಿಸಿದ್ದೆ.

2018ರ ಡಿಸೆಂಬರ್‌ನಲ್ಲಿ ಗೆಳೆಯನ ಮನೆಯಲ್ಲಿ ಪಾರ್ಟಿ. ಮನೆ ಎರಡೇ ಮೈಲಿ ಅಂತ ಕುಡಿದೇ ಕಾರು ತೆಗೆದೆ. ಹೆಡ್‌ಲೈಟ್ ಹಾಕೋದನ್ನೇ ಮರೆತಿದ್ದೆ, ಪೊಲೀಸ್ ಹಿಂದೆ ಬಂದ. ಊದಿಸಿದರೆ ರಕ್ತದಲ್ಲಿ ಆಲ್ಕೋಹಾಲ್ 0.11. ಮಿತಿ 0.08. ಬೆಳಗ್ಗೆ ಹೆಂಡತಿ ಬಂದು ಬಿಡಿಸಿಕೊಂಡು ಹೋದಳು, ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಕೇಸು ದಾಖಲಾದಾಗ ಲೈಸೆನ್ಸ್ ಅಮಾನತಾಯಿತು. 2019ರ ಜೂನ್‌ನಲ್ಲಿ ತಪ್ಪೊಪ್ಪಿಕೊಂಡೆ, ಶಿಕ್ಷೆಯಾಯಿತು, ಲೈಸೆನ್ಸ್ ಪೂರ್ತಿ ರದ್ದಾಯಿತು. ಐದು ವರ್ಷ ಕಾಯಬೇಕು ಅಂದರು. ಕಾದೆ. 2024ರ ಜುಲೈನಲ್ಲಿ 40 ಡಾಲರ್ ಕಟ್ಟಿ, ಮತ್ತೆ ಕ್ಲಾಸ್‌ಗೆ ಕೂತು ಅರ್ಜಿ ಹಾಕಿದೆ. ಈಗ ನಿರಾಕರಣೆ ಪತ್ರ ಬಂದಿದೆ. ನನ್ನ ಸ್ನೇಹಿತನಿಗೂ ಇದೇ ಥರ ಒಂದು ಡಿಡಬ್ಲ್ಯೂಐ ಆಗಿತ್ತು. ಅವನಿಗೆ ಐದು ವರ್ಷಕ್ಕೇ ಸಿಕ್ಕಿತು! ನನಗೆ ಮಾತ್ರ ಯಾಕೆ ಹೀಗೆ?

ಆಸ್ಟಿನ್ ಅಜ್ಜ:
ಗೌಡ್ರೇ, ಒಂದು ಪ್ರಶ್ನೆ. ನಿಮ್ಮ ಸ್ನೇಹಿತರ ಹತ್ತಿರ ಮೊದಲೇ ಲೈಸೆನ್ಸ್ ಇತ್ತಾ?

ಗ್ಯಾಸ್‌ಸ್ಟೇಷನ್ ಗೌಡ:
ಇಲ್ಲ ಸರ್. ಅವನು ಮಾಡಿಸಿದ್ದೇ ಮೊದಲ ಸಲ.

ಆಸ್ಟಿನ್ ಅಜ್ಜ:
ಹಾಗಾದರೆ ಗಂಟು ಇರೋದು ಅಲ್ಲೇ. ಮೊದಲ ಡಿಡಬ್ಲ್ಯೂಐ ಸಾಮಾನ್ಯವಾಗಿ ಬಿ ದರ್ಜೆಯ ಮಿಸ್‌ಡಿಮೀನರ್, ಅಂದರೆ ಸಣ್ಣ ಅಪರಾಧ. ಹೊಸಬರಿಗೆ ಶಿಕ್ಷೆಯಾದ ದಿನದಿಂದ ಐದು ವರ್ಷ ಅಡ್ಡಿ, ಅಷ್ಟೇ. ನಿಮ್ಮದು ರದ್ದಾದ ಲೈಸೆನ್ಸ್. ಅದಕ್ಕೆ ಟೆಕ್ಸಸ್‌ನ ಸರ್ಕಾರಿ ಸಂಹಿತೆಯ (ಗವರ್ನಮೆಂಟ್ ಕೋಡ್) 411.186ನೇ ವಿಧಿ ಬೇರೆ ಲೆಕ್ಕ ಹೇಳುತ್ತದೆ. ರದ್ದಾಗಿ ಎರಡು ವರ್ಷವಾದಾಗಲೂ ಕಾರಣ ಹಾಗೇ ಇದ್ದರೆ, ಆ ಕಾರಣ ಹೋದ ಮೇಲೆ ಇನ್ನೂ ಎರಡು ವರ್ಷ ಕಾಯಬೇಕು. ನಿಮ್ಮ ಕಾರಣ, ಅಂದರೆ ಶಿಕ್ಷೆಯಿಂದ ಬಂದ ಐದು ವರ್ಷದ ಅಡ್ಡಿ, ಹೋಗಿದ್ದು 2024ರ ಜೂನ್‌ನಲ್ಲಿ. ಐದಕ್ಕೆ ಎರಡು ಸೇರಿಸಿ, 2026ರ ಜೂನ್. ಮೊದಲೇ ಲೈಸೆನ್ಸ್ ಮಾಡಿಸಿಕೊಂಡವನಿಗೇ ಜಾಸ್ತಿ ಶಿಕ್ಷೆ. ನನಗೂ ಇದು ವಿಚಿತ್ರ ಅನಿಸುತ್ತದೆ, ಆದರೆ ಬರೆದಿರೋದು ಹಾಗೇ.

ಪತ್ರ ಬಂದು 30 ದಿನದೊಳಗೆ ವಿಚಾರಣೆ ಕೇಳಬಹುದು, ಜಸ್ಟಿಸ್ ಆಫ್ ದಿ ಪೀಸ್ (ಸ್ಥಳೀಯ ಕೆಳಹಂತದ ನ್ಯಾಯಾಧೀಶ) ಮುಂದೆ ನಡೆಯುತ್ತದೆ. ಲೈಸೆನ್ಸ್ ಕೊಡುವ ಇಲಾಖೆ ದಿನಾಂಕ ತಪ್ಪಾಗಿ ಹಾಕಿದ್ದರೆ ಕೇಳಿ. ಇಲ್ಲದಿದ್ದರೆ ಸುಮ್ನೆ ವಕೀಲರಿಗೆ ದುಡ್ಡು.

ಹ್ಯೂಸ್ಟನ್ ಹುಡುಗಿ:
ಅಂಕಲ್, 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ದಾಟಿದವರಿಗೆ ಲೈಸೆನ್ಸ್ ಇಲ್ಲದೆಯೂ ಹ್ಯಾಂಡ್‌ಗನ್ ಜೊತೆಗೆ ಒಯ್ಯಬಹುದು ಅಲ್ವಾ? ಅದಕ್ಕೆ ಅಡ್ಡಿಯಾಗುವ ಮಿಸ್‌ಡಿಮೀನರ್‌ಗಳ ಪಟ್ಟಿಯಲ್ಲಿ ಡಿಡಬ್ಲ್ಯೂಐ ಇಲ್ಲ. ನಿಮ್ಮ ನಲವತ್ತು ಹೆಜ್ಜೆಗೆ ಅದೇ ಸಾಕು. ಕುಡಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಹೋದರೆ ಮಾತ್ರ ಅದೇ ಇನ್ನೊಂದು ಕೇಸು.

ಗ್ಯಾಸ್‌ಸ್ಟೇಷನ್ ಗೌಡ:
ಗೊತ್ತಮ್ಮ. ಆದರೆ ಮಗಳು ನ್ಯೂ ಮೆಕ್ಸಿಕೋದಲ್ಲಿದ್ದಾಳೆ, ತಿಂಗಳಿಗೊಮ್ಮೆ ಹೋಗ್ತೇನೆ. ಅಲ್ಲಿ ಬಟ್ಟೆಯೊಳಗೆ ಮರೆಮಾಡಿ ಒಯ್ಯಲು ಲೈಸೆನ್ಸ್ ಬೇಕು, ಟೆಕ್ಸಸ್‌ದು ನಡೆಯುತ್ತದೆ. ನನ್ನ ಅಂಗಡಿಯಿಂದ ಮುನ್ನೂರು ಅಡಿಗೆ ಒಂದು ಶಾಲೆ ಬೇರೆ ಇದೆ. ಶಾಲೆಯ ಸುತ್ತ ಸಾವಿರ ಅಡಿಯಲ್ಲಿ ಗನ್ ಒಯ್ಯಬಾರದು ಅಂತ ಕೇಂದ್ರದ ಕಾನೂನಿದೆ, ರಾಜ್ಯದ ಲೈಸೆನ್ಸ್ ಇದ್ದವರಿಗೆ ವಿನಾಯಿತಿ.

ಅಜ್ಜನವರೇ, ರದ್ದತಿ ಪತ್ರ ಹುಡುಕಿ ತೆಗೆದೆ. ನೀವು ಹೇಳಿದ ವಿಧಿಯ ಸಂಖ್ಯೆ ಅದರಲ್ಲೇ ಇದೆ, ಐದು ವರ್ಷ ನಾನು ಓದಿಯೇ ಇರಲಿಲ್ಲ. ವಿಚಾರಣೆ ಕೇಳೋದಿಲ್ಲ. ಕ್ಯಾಲೆಂಡರ್‌ನಲ್ಲಿ 2026ರ ಜೂನ್ ಗುರುತು ಹಾಕಿದ್ದೇನೆ. ಹೆಂಡತಿ ನೋಡಿ, "ಇದೇನು, ಮದುವೆ ಮುಹೂರ್ತನಾ?" ಅಂತ ಕೇಳಿದಳು.